ಲಿಂಕನ್ ಬರೆಯದ ಪತ್ರ ಗೋಡೆ ಮ್ಯಾಲೆ, ಬರೆದ ಪತ್ರ ಬಾಬಾಸಾಹೇಬರ ಪುಸ್ತಕದಾಗ



ಪೋಸ್ಟ್ ಉದ್ದ ಐತಿ. ಪುರಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ.

ಏಪ್ರಿಲ್ 14 ಬಂತಂದ್ರ ಹಾರೂಗೇರಿ, ಕುಡಚಿ, ರಾಯಬಾಗದಿಂದ ಹಿಡಿದು ನಿಪ್ಪಾಣಿವರೆಗೆ ನೀಲಿ ಧ್ವಜ, ಮೆರವಣಿಗೆ, ಭಾಷಣ. ಆ ಭಾಷಣಗಳಲ್ಲಿ ಒಂದು ಮಾತು ವರ್ಷಾ ವರ್ಷಾ ಬರ್ತೈತಿ: "ಅಮೆರಿಕಾದ ಗುಲಾಮರಿಗೆ ಅಬ್ರಹಾಂ ಲಿಂಕನ್ ಹೆಂಗೋ, ನಮಗ ಬಾಬಾಸಾಹೇಬರು ಹಂಗ." ಚಪ್ಪಾಳೆ ಬೀಳ್ತಾವ. ಹೇಳಿದವರ ಮನಸ್ಸು ಒಳ್ಳೇದೇ, ಅದರಾಗ ಅನುಮಾನ ಇಲ್ಲ. ಆದರೆ ಈ ಹೋಲಿಕೆ ಕೂಡೋದಿಲ್ಲ. ಯಾಕೆ ಕೂಡೋದಿಲ್ಲ ಅನ್ನೋದನ್ನು ಬಾಬಾಸಾಹೇಬರೇ 1945ರಲ್ಲಿ ಬರೆದಿಟ್ಟಿದ್ದಾರೆ. ನಾವು ಓದಿಲ್ಲ, ಅಷ್ಟೇ.

ಲಿಂಕನ್ ನಮಗೆ ಗೊತ್ತಿರೋದು ಹೆಂಗ? ಒಂದು ಪತ್ರದಿಂದ. ಮಗನನ್ನು ಶಾಲೆಗೆ ಕಳಿಸುವಾಗ ಲಿಂಕನ್ ಮಾಸ್ತರರಿಗೆ ಬರೆದ ಪತ್ರ ಅಂತ ಎಷ್ಟೋ ಶಾಲೆಗಳ ಗೋಡೆ ಮ್ಯಾಲೆ ಕಟ್ಟು ಹಾಕಿಸಿ ತೂಗು ಹಾಕಿರ್ತಾರ. ಶಿಕ್ಷಕರ ದಿನ ಬಂತಂದ್ರ ವಾಟ್ಸಾಪ್ ತುಂಬ ಅದೇ. ಆ ಪತ್ರವನ್ನು ಲಿಂಕನ್ ಬರೆದದ್ದಕ್ಕೆ ಯಾವ ಆಧಾರವೂ ಇಲ್ಲ. ಅವರ ಬರಹಗಳ ಸಂಗ್ರಹದಲ್ಲಿ ಅದು ಇಲ್ಲವೇ ಇಲ್ಲ.

ಖರೇನ ಬರೆದ ಪತ್ರ ಬೇರೆ ಒಂದು ಐತಿ. ತಾರೀಖು 1862ರ ಆಗಸ್ಟ್ 22. ಬರೆದದ್ದು ನ್ಯೂಯಾರ್ಕ್ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿಗೆ. ಯುದ್ಧ ಸುರುವಾಗಿ ವರ್ಷ ದಾಟಿತ್ತು. ಇನ್ನೂ ಯಾಕೆ ಗುಲಾಮಗಿರಿಗೆ ಕೈ ಹಾಕುತ್ತಿಲ್ಲ ಎಂದು ಗ್ರೀಲಿ ಪತ್ರಿಕೆಯಲ್ಲೇ ಬಹಿರಂಗವಾಗಿ ಕೇಳಿದ್ದ. ಅದಕ್ಕೆ ಅಧ್ಯಕ್ಷರು ಕೊಟ್ಟ ಉತ್ತರದ ಸಾರ ಇಷ್ಟು: ಈ ಯುದ್ಧದಲ್ಲಿ ನನ್ನ ಮುಖ್ಯ ಗುರಿ ದೇಶದ ಒಕ್ಕೂಟ ಉಳಿಸುವುದು. ಗುಲಾಮಗಿರಿಯನ್ನು ಉಳಿಸುವುದೂ ಅಲ್ಲ, ಅಳಿಸುವುದೂ ಅಲ್ಲ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೆ ಮಾಡುತ್ತೇನೆ. ಎಲ್ಲರನ್ನೂ ಬಿಡಿಸಿದರೆ ಉಳಿಯುತ್ತದೆ ಎಂದರೆ ಹಾಗೆ ಮಾಡುತ್ತೇನೆ. ಕೆಲವರನ್ನು ಬಿಡಿಸಿ ಕೆಲವರನ್ನು ಹಾಗೇ ಬಿಟ್ಟರೆ ಉಳಿಯುತ್ತದೆ ಎಂದರೆ ಅದನ್ನೂ ಮಾಡುತ್ತೇನೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದರು: ಇದು ನನ್ನ ಹುದ್ದೆಯ ಕರ್ತವ್ಯ, ಎಲ್ಲ ಮನುಷ್ಯರೂ ಎಲ್ಲ ಕಡೆ ಸ್ವತಂತ್ರರಾಗಬೇಕು ಎಂಬ ನನ್ನ ಸ್ವಂತ ಆಸೆ ಬದಲಾಗಿಲ್ಲ.

ಈ ಪತ್ರವನ್ನು ಯಾವ ಶಾಲೆಯ ಗೋಡೆ ಮ್ಯಾಲೂ ಯಾರೂ ಹಾಕಿಲ್ಲ. ಬಾಬಾಸಾಹೇಬರು ಮಾತ್ರ ಇದನ್ನು ತಮ್ಮ ಪುಸ್ತಕದಲ್ಲಿ ಎತ್ತಿ ಇಟ್ಟರು. ಯಾಕೆ ಇಟ್ಟರು ಅಂತ ತಿಳೀಬೇಕಾದ್ರ ಆ ಯುದ್ಧದ ಕಥೆ ಸ್ವಲ್ಪ ತಿಳೀಬೇಕು.

1860ರಲ್ಲಿ ಅಮೆರಿಕಾದಲ್ಲಿ ಸುಮಾರು 40 ಲಕ್ಷ ಕಪ್ಪುಜನ ಗುಲಾಮರಾಗಿದ್ದರು. ಸಂತೆಯಲ್ಲಿ ಎತ್ತು ಮಾರಿದಂತೆ ಮನುಷ್ಯರನ್ನು ಮಾರುತ್ತಿದ್ದರು. ತಾಯಿಯನ್ನು ಒಬ್ಬ ಕೊಂಡರೆ ಮಗುವನ್ನು ಇನ್ನೊಬ್ಬ ಕೊಳ್ಳುತ್ತಿದ್ದ. ದಕ್ಷಿಣದ ರಾಜ್ಯಗಳ ಹತ್ತಿ ಬೆಳೆ ನಿಂತಿದ್ದೇ ಇವರ ಬೆನ್ನ ಮ್ಯಾಲೆ. ಆ ವರ್ಷ ನವೆಂಬರಿನಲ್ಲಿ ಲಿಂಕನ್ ಅಧ್ಯಕ್ಷರಾಗಿ ಗೆದ್ದರು. ಬಿದ್ದ ಮತಗಳಲ್ಲಿ ಅವರ ಪಾಲು ನೂರಕ್ಕೆ 40ರಷ್ಟು ಮಾತ್ರ. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದು ಅನ್ನೋದು ಅವರ ಪಕ್ಷದ ನಿಲುವು. ಇದ್ದ ಕಡೆ ಮುಟ್ಟುವುದಿಲ್ಲ ಎಂದು 1861ರ ಮಾರ್ಚ್ 4ರಂದು ಪ್ರಮಾಣ ವಚನದ ಭಾಷಣದಲ್ಲೇ ಹೇಳಿದರು. ಅಷ್ಟರಲ್ಲಿ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿದ್ದವು. ಏಪ್ರಿಲ್ 12ಕ್ಕೆ ಸಮ್ಟರ್ ಕೋಟೆಯ ಮ್ಯಾಲೆ ಗುಂಡು ಬಿತ್ತು, ಯುದ್ಧ ಸುರುವಾಯಿತು. ನಾಲ್ಕು ವರ್ಷದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಅಮೆರಿಕಾದ ಯುದ್ಧ ತಗೊಂಡು ನಾವೇನ್ ಮಾಡೋದು ಅಂತೀರಿ? ಅದರ ಬಿಸಿ ನಮ್ಮ ಎರಿ ಹೊಲಕ್ಕೂ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿದ ಮ್ಯಾಲೆ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಿತು. ಅವರು ಮುಂಬೈ ಇಲಾಖೆಯ ಹತ್ತಿಗೆ ಕೈ ಚಾಚಿದರು. ಧಾರವಾಡ ಸೀಮೆಯಲ್ಲಿ ಆಗಲೇ ಅಮೆರಿಕಾದ ಬೀಜದಿಂದ ಬೆಳೆಯುತ್ತಿದ್ದ, 'ಧಾರವಾಡ-ಅಮೆರಿಕನ್' ಎಂದೇ ಹೆಸರಾದ ಹತ್ತಿ ಇತ್ತು. ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದ ಕೂಡಲೇ ಬೆಲೆ ಬಿತ್ತು, ಮುಂಬೈಯಲ್ಲಿ ಬ್ಯಾಂಕುಗಳು ಮುಳುಗಿದವು. ಅಲ್ಲಿ ಗುಲಾಮರ ಕೈಯಿಂದ ಬರುತ್ತಿದ್ದ ಹತ್ತಿ ನಿಂತರೆ ಇಲ್ಲಿ ಸಾಹುಕಾರರ ಗಂಟು ದೊಡ್ಡದಾಗುತ್ತಿತ್ತು. ಜಗತ್ತು ಆಗಲೂ ಅಷ್ಟು ಹತ್ತಿರ ಇತ್ತು.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ಗುಲಾಮಗಿರಿ ಮುಟ್ಟೋದಿಲ್ಲ ಅಂದ ಲಿಂಕನ್ ಎರಡು ವರ್ಷದೊಳಗೆ ಬಿಡುಗಡೆ ಘೋಷಣೆಗೆ ಸಹಿ ಹಾಕಿದ್ದು ಹೆಂಗ? ಅವರನ್ನು ತಳ್ಳಿದವರು ಯಾರು?

1861ರ ಮೇ ತಿಂಗಳಲ್ಲಿ, ಯುದ್ಧ ಸುರುವಾಗಿ ಇನ್ನೂ ಆರು ವಾರ ಆಗಿತ್ತು, ವರ್ಜೀನಿಯಾದಲ್ಲಿ ಮೂವರು ಗುಲಾಮರು ರಾತ್ರಿ ದೋಣಿ ಹತ್ತಿ ಉತ್ತರದ ಸೈನ್ಯ ಇದ್ದ ಮನ್ರೋ ಕೋಟೆಗೆ ಬಂದರು. ಫ್ರ್ಯಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ಮಾಲೀಕನ ಕಡೆಯವರು ಬಂದು ನಮ್ಮ ಆಸ್ತಿ ವಾಪಸ್ ಕೊಡ್ರಿ ಅಂದರು. ಅಲ್ಲಿದ್ದ ಜನರಲ್ ಬಟ್ಲರ್ ಮೊದಲು ವಕೀಲನಾಗಿದ್ದವ. ನೀವೇ ಇವರನ್ನು ಆಸ್ತಿ ಅಂತೀರಿ, ವೈರಿಯ ಆಸ್ತಿಯನ್ನು ಯುದ್ಧದಲ್ಲಿ ಜಪ್ತಿ ಮಾಡಬಹುದು, ಅದಕ್ಕೆ ಕೊಡೋದಿಲ್ಲ ಅಂದ. ಸುದ್ದಿ ಹರಡಿತು. ಹತ್ತು ಜನ ಬಂದರು, ನೂರು ಜನ ಬಂದರು, ಹೆಂಗಸರು ಮಕ್ಕಳನ್ನು ಸೊಂಟದ ಮ್ಯಾಲೆ ಹೊತ್ತುಕೊಂಡು ಬಂದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಬಂದವರು ಲಕ್ಷಾಂತರ. ಯಾರೂ ಇವರಿಗೆ ಬರ್ರಿ ಅಂತ ಹೇಳಿರಲಿಲ್ಲ. ಕಾನೂನು ಇನ್ನೂ ಗುಲಾಮರು ಅಂತಿತ್ತು. ಇವರು ಕಾಲಿನಿಂದ ಮತ ಹಾಕಿದರು.

ಇದೇ ಹೊತ್ತಿನಲ್ಲಿ ಲಿಂಕನ್ ಏನ್ ಮಾಡ್ತಿದ್ದರು? 1861ರ ಆಗಸ್ಟಿನಲ್ಲಿ ಜನರಲ್ ಫ್ರೀಮಾಂಟ್ ಮಿಸೌರಿಯಲ್ಲಿ ಬಂಡಾಯಗಾರರ ಗುಲಾಮರನ್ನು ಬಿಡುಗಡೆ ಮಾಡಿ ಆದೇಶ ಹೊರಡಿಸಿದ, ಲಿಂಕನ್ ಅದನ್ನು ತೆಗೆಸಿದರು. 1862ರ ಮೇ ತಿಂಗಳಲ್ಲಿ ಜನರಲ್ ಹಂಟರ್ ಮೂರು ರಾಜ್ಯಗಳಿಗೆ ಅದೇ ಆದೇಶ ಕೊಟ್ಟ, ಅದನ್ನೂ ರದ್ದು ಮಾಡಿದರು. ಒಕ್ಕೂಟದಲ್ಲೇ ಉಳಿದಿದ್ದ ನಾಲ್ಕು ಗುಲಾಮಗಿರಿ ರಾಜ್ಯಗಳು ಕೈ ತಪ್ಪಿ ಹೋದಾವು ಅನ್ನೋ ಹೆದರಿಕೆ. 1862ರ ಏಪ್ರಿಲಿನಲ್ಲಿ ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾಯಿತು, ಪರಿಹಾರ ಕೊಟ್ಟರು. ಯಾರಿಗೆ? ಮಾಲೀಕರಿಗೆ. ಒಬ್ಬ ಗುಲಾಮನಿಗೆ 300 ಡಾಲರ್‌ವರೆಗೆ. ತಲೆತಲಾಂತರದಿಂದ ದುಡಿದವನಿಗೆ ಏನೂ ಇಲ್ಲ. ಅದೇ ಆಗಸ್ಟ್ 14ರಂದು ಕಪ್ಪುಜನರ ನಿಯೋಗವನ್ನು ತಮ್ಮ ನಿವಾಸಕ್ಕೆ ಕರೆಸಿ, ನೀವು ದೇಶ ಬಿಟ್ಟು ಬೇರೆ ಕಡೆ ನೆಲೆಸುವುದು ಇಬ್ಬರಿಗೂ ಒಳ್ಳೆಯದು ಎಂಬ ಅರ್ಥದ ಉಪದೇಶ ಮಾಡಿದರು. ಫ್ರೆಡರಿಕ್ ಡಗ್ಲಸ್ ಇದನ್ನು ಓದಿ ಕೆಂಡವಾದರು.

ಡಗ್ಲಸ್ ಹೆಸರು ನೆನಪಿಟ್ಟುಕೊಳ್ರಿ. ಗುಲಾಮರಾಗಿ ಹುಟ್ಟಿದವರು. ಕದ್ದು ಅಕ್ಷರ ಕಲಿತರು, 1838ರಲ್ಲಿ ತಪ್ಪಿಸಿಕೊಂಡು ಓಡಿಬಂದರು, ಆತ್ಮಕಥೆ ಬರೆದರು, ಪತ್ರಿಕೆ ನಡೆಸಿದರು, ಊರೂರು ತಿರುಗಿ ಭಾಷಣ ಮಾಡಿದರು. ಈ ಯುದ್ಧ ಗುಲಾಮಗಿರಿಯ ಮ್ಯಾಲಿನ ಯುದ್ಧ ಆಗದೆ ಗೆಲ್ಲೋದಿಲ್ಲ, ಕಪ್ಪುಜನರ ಕೈಗೆ ಬಂದೂಕು ಕೊಡ್ರಿ ಅಂತ ಮೊದಲ ದಿನದಿಂದ ಹೇಳುತ್ತಾ ಬಂದವರು.

1863ರ ಜನವರಿ 1ಕ್ಕೆ ಬಿಡುಗಡೆ ಘೋಷಣೆ ಜಾರಿಗೆ ಬಂತು. ಅದರ ಮಿತಿಯೂ ಗೊತ್ತಿರಲಿ. ಬಂಡಾಯ ಎದ್ದ ಪ್ರದೇಶಗಳಿಗೆ ಮಾತ್ರ ಅನ್ವಯ. ಒಕ್ಕೂಟದಲ್ಲೇ ಇದ್ದ ನಾಲ್ಕು ಗುಲಾಮಗಿರಿ ರಾಜ್ಯಗಳಿಗೆ ಇಲ್ಲ, ಆಗಲೇ ಗೆದ್ದುಕೊಂಡಿದ್ದ ಟೆನೆಸ್ಸಿಗೂ ಇಲ್ಲ. ಆದರೂ ಅದರಲ್ಲಿ ಒಂದು ಬೆಂಕಿಯಂಥ ಸಾಲು ಇತ್ತು, ಕಪ್ಪುಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು. ಸುಮಾರು 1,80,000 ಜನ ಸೇರಿದರು, ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಿಂದ ನೇರ ಬಂದವರು. ಸುಮಾರು 40,000 ಜನ ಸತ್ತರು. ಪಗಾರದಲ್ಲೂ ಭೇದ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸೈನಿಕನಿಗೆ 10, ಅದರಾಗೂ ಬಟ್ಟೆಗೆ ಅಂತ 3 ಕಡಿತ. ಮ್ಯಾಸಚುಸೆಟ್ಸ್‌ನ 54ನೇ ರೆಜಿಮೆಂಟ್ ಪಗಾರವನ್ನೇ ಮುಟ್ಟಲಿಲ್ಲ. ಜೀವ ಕೊಡ್ತೀವಿ, ಕಡಿಮೆ ಕೂಲಿ ತಗೊಳ್ಳೋದಿಲ್ಲ ಅನ್ನೋದು ಅವರ ಹಟ. 1863ರ ಆಗಸ್ಟಿನಲ್ಲಿ ಡಗ್ಲಸ್ ನೇರ ಅಧ್ಯಕ್ಷರ ಬಳಿ ಹೋಗಿ ಇದೇ ಪ್ರಶ್ನೆ ಎತ್ತಿದರು. 1864ರ ಜೂನಿನಲ್ಲಿ ಸಮಾನ ಪಗಾರದ ಕಾನೂನು ಬಂತು.

ಇಲ್ಲಿ ಲಿಂಕನ್‌ಗೆ ನ್ಯಾಯ ಸಲ್ಲಿಸಬೇಕು. ಗ್ರೀಲಿಗೆ ಆ ಪತ್ರ ಬರೆಯುವ ಹೊತ್ತಿಗೆ ಬಿಡುಗಡೆ ಘೋಷಣೆಯ ಕರಡು ಅವರ ಬಳಿ ಸಿದ್ಧವಾಗಿತ್ತು. ಒಂದು ತಿಂಗಳ ಹಿಂದೆ, ಜುಲೈ 22ಕ್ಕೆ, ಮಂತ್ರಿಮಂಡಲದ ಮುಂದೆ ಓದಿದ್ದರು. ಸೈನ್ಯ ಒಂದು ಗೆಲುವು ಕಾಣಲಿ ಎಂದು ಕಾಯುತ್ತಿದ್ದರು. ಬಿಳಿಯರ ಮನಸ್ಸು ಹದ ಮಾಡಲು ಆ ಪತ್ರ ಬರೆದರು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. 1864ರಲ್ಲಿ ಮರುಚುನಾವಣೆ ಸೋಲುವ ಹಾಗೆ ಕಂಡಾಗ, ಘೋಷಣೆ ಕೈಬಿಟ್ಟು ಸಂಧಿ ಮಾಡ್ರಿ ಎಂಬ ಒತ್ತಡ ಬಂತು, ಕೈಬಿಡಲಿಲ್ಲ. 1865ರ ಜನವರಿ 31ಕ್ಕೆ ಗುಲಾಮಗಿರಿ ನಿಷೇಧಿಸುವ 13ನೇ ತಿದ್ದುಪಡಿ ಕೆಳಮನೆಯಲ್ಲಿ 119ಕ್ಕೆ 56 ಮತಗಳಿಂದ ಪಾಸಾಯಿತು. ಒಂದೊಂದು ಮತಕ್ಕೂ ಲಿಂಕನ್ ಬೆವರು ಸುರಿಸಿದ್ದರು. ಮಾರ್ಚ್ 4ರ ಎರಡನೇ ಪ್ರಮಾಣ ವಚನದ ಭಾಷಣದಲ್ಲಿ ಈ ಯುದ್ಧ ಇಡೀ ದೇಶ ಮಾಡಿದ ಪಾಪಕ್ಕೆ ಬಂದ ಶಿಕ್ಷೆ, ಇನ್ನೂರೈವತ್ತು ವರ್ಷ ಕೂಲಿ ಕೊಡದೆ ದುಡಿಸಿಕೊಂಡ ಸಂಪತ್ತಿನ ಲೆಕ್ಕ ಎಂಬ ಅರ್ಥದಲ್ಲಿ ಮಾತಾಡಿದರು. ಅಧಿಕಾರದಲ್ಲಿ ಕುಂತವರು ಹಂಗ ಮಾತಾಡೋದು ಇವತ್ತಿಗೂ ಅಪರೂಪ.

ಯುದ್ಧದ ಅಧಿಕಾರಕ್ಕೆ ಎರಡು ಮುಖ ಇದ್ದವು ಅನ್ನೋದೂ ಖರೆ. ಘೋಷಣೆ ಹೊರಡಿಸಿದ ಅದೇ ಅಧಿಕಾರದಿಂದ ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಬಂಧಿಸಲಾಯಿತು. 1862ರ ಡಿಸೆಂಬರ್ 26ರಂದು ಮಿನ್ನೆಸೋಟಾದ ಮ್ಯಾಂಕೇಟೊದಲ್ಲಿ ಡಕೋಟಾ ಮೂಲನಿವಾಸಿಗಳ 38 ಜನರನ್ನು ಒಂದೇ ದಿನ ಗಲ್ಲಿಗೇರಿಸಿದರು. ಸೈನ್ಯದ ವಿಚಾರಣೆ 300ಕ್ಕೂ ಹೆಚ್ಚು ಜನರಿಗೆ ಗಲ್ಲು ವಿಧಿಸಿತ್ತು, ಲಿಂಕನ್ ಕಡತ ನೋಡಿ ಹೆಚ್ಚಿನವರನ್ನು ಕೈಬಿಟ್ಟರು, ಉಳಿದವರಿಗೆ ಸಹಿ ಹಾಕಿದರು. ಘೋಷಣೆ ಜಾರಿಗೆ ಬರಲು ಆಗ ಒಂದು ವಾರವೂ ಉಳಿದಿರಲಿಲ್ಲ.

1865ರ ಏಪ್ರಿಲ್ 9ಕ್ಕೆ ದಕ್ಷಿಣದ ಸೇನಾಪತಿ ಲೀ ಶರಣಾದ. ಏಪ್ರಿಲ್ 11ಕ್ಕೆ ಲಿಂಕನ್ ತಮ್ಮ ಕೊನೆಯ ಸಾರ್ವಜನಿಕ ಭಾಷಣದಲ್ಲಿ, ಓದು ಬಲ್ಲ ಮತ್ತು ಸೈನಿಕರಾಗಿ ಹೋರಾಡಿದ ಕಪ್ಪುಜನರಿಗಾದರೂ ಮತದಾನದ ಹಕ್ಕು ಸಿಗಬೇಕು ಎಂದರು. ಗುಂಪಿನಲ್ಲಿ ನಿಂತು ಕೇಳಿದ ಜಾನ್ ವಿಲ್ಕ್ಸ್ ಬೂತ್ ಮೂರನೇ ದಿನ, ಏಪ್ರಿಲ್ 14ರ ರಾತ್ರಿ, ನಾಟಕ ಗೃಹದಲ್ಲಿ ಅವರಿಗೆ ಗುಂಡು ಹೊಡೆದ. ಗುಲಾಮರ ಬಿಡುಗಡೆ ಆದಾಗ ಸುಮ್ಮನಿದ್ದ ಪಿಸ್ತೂಲು ಮತದಾನದ ಮಾತು ಬಂದಾಗ ಹೊರಗೆ ಬಂತು. ಇದನ್ನ ಮರೀಬ್ಯಾಡ್ರಿ.

ಈಗ ಬಾಬಾಸಾಹೇಬರು 1945ರಲ್ಲಿ ಏನು ಬರೆದರು ಅನ್ನೋದು. ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಅವರು ಗ್ರೀಲಿ ಪತ್ರವನ್ನು ಎತ್ತಿಕೊಂಡು, ಲಿಂಕನ್‌ಗೆ ಒಕ್ಕೂಟ ಮೊದಲು, ಗುಲಾಮರು ಆಮ್ಯಾಲೆ; ಗಾಂಧೀಜಿಗೆ ಸ್ವರಾಜ್ಯ ಮೊದಲು, ಅಸ್ಪೃಶ್ಯರು ಆಮ್ಯಾಲೆ; ಎರಡೂ ಒಂದೇ ಜಾತಿಯ ಧೋರಣೆ ಎಂದು ಹೋಲಿಸುತ್ತಾರೆ. ಜನರಿಂದ ಜನರಿಗಾಗಿ ಆಡಳಿತ ಎಂದು ಹೇಳಿದ ಅದೇ ಲಿಂಕನ್, ಒಕ್ಕೂಟ ಉಳಿದರೆ ಸಾಕೆಂದು, ಬಿಳಿಯರು ಬಿಳಿಯರಿಗಾಗಿ ಕರಿಯರನ್ನು ಆಳುವುದಕ್ಕೂ ಒಪ್ಪುತ್ತಿದ್ದರು ಎಂದು ಚುಚ್ಚುತ್ತಾರೆ. ಮಾತು ಕಠೋರ. ಕರಡು ಸಿದ್ಧವಿತ್ತು ಎಂಬ ಸಂಗತಿ ನೋಡಿದರೆ ಲಿಂಕನ್ ಮ್ಯಾಲೆ ಸ್ವಲ್ಪ ಹೆಚ್ಚೇ ಕಠೋರ ಅಂತ ನನಗನಿಸ್ತೈತಿ. ಆದರೆ ಬಾಬಾಸಾಹೇಬರ ಕಣ್ಣು ಒಬ್ಬ ವ್ಯಕ್ತಿಯ ಮನಸ್ಸಿನ ಮ್ಯಾಲಿರಲಿಲ್ಲ. ಆ ವ್ಯಕ್ತಿ ಹೋದ ಮ್ಯಾಲೆ ಏನಾಯಿತು ಅನ್ನೋದರ ಮ್ಯಾಲಿತ್ತು. ಅಂತರ್ಯುದ್ಧದಲ್ಲಿ ಕಪ್ಪುಜನ ಒಕ್ಕೂಟಕ್ಕಾಗಿ ರಕ್ತ ಸುರಿಸಿದ ಮ್ಯಾಲೂ ಅವರಿಗೆ ಆದ ದ್ರೋಹವನ್ನು ಅದೇ ಪುಸ್ತಕದಲ್ಲಿ ಹೇಳಿ, ಅಸ್ಪೃಶ್ಯರು ಇದನ್ನು ಮರೆಯಲಾರರು ಎನ್ನುತ್ತಾರೆ.

ಏನಾಗಿತ್ತು ಆ ದ್ರೋಹ?

ಲಿಂಕನ್ ನಂತರ ಉಪಾಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷನಾದ. 1865ರ ಜನವರಿಯಲ್ಲಿ ಜನರಲ್ ಶರ್ಮನ್ ಕರಾವಳಿಯ ಭೂಮಿಯನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶ ಕೊಟ್ಟಿದ್ದ. ಜನ ಹೊಲ ಹಸನು ಮಾಡಿ ಬಿತ್ತಿದ್ದರು. ಜಾನ್ಸನ್ ಆ ಭೂಮಿಯನ್ನು ಹಳೇ ಮಾಲೀಕರಿಗೆ ವಾಪಸ್ ಕೊಡಿಸಿದ. ಎಡಿಸ್ಟೋ ದ್ವೀಪದ ಜನ ಅಧ್ಯಕ್ಷರಿಗೆ ಅರ್ಜಿ ಬರೆದರು: ನಮ್ಮನ್ನು ಕಟ್ಟಿ ಹೊಡೆದವನ ಕೈಕೆಳಗೆ ಮತ್ತೆ ದುಡಿ ಅಂದರೆ ಇದು ಯಾವ ಸ್ವಾತಂತ್ರ್ಯ ಎಂಬುದು ಅದರ ತಿರುಳು. ಯಾರೂ ಕೇಳಲಿಲ್ಲ.

ಸಂಸತ್ತು ಸುಮ್ಮನಿರಲಿಲ್ಲ. 1868ರಲ್ಲಿ 14ನೇ ತಿದ್ದುಪಡಿ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಟ್ಟಿತು, 1870ರಲ್ಲಿ 15ನೇ ತಿದ್ದುಪಡಿ ಮತದಾನದ ಹಕ್ಕು ಕೊಟ್ಟಿತು. 1870ರಲ್ಲೇ ಹೈರಮ್ ರೆವೆಲ್ಸ್ ಮಿಸಿಸಿಪ್ಪಿಯಿಂದ ಮೇಲ್ಮನೆಗೆ ಹೋದರು, ಅಲ್ಲಿ ಕುಂತ ಮೊದಲ ಕಪ್ಪು ಮನುಷ್ಯ. ನಿನ್ನೆಯ ಗುಲಾಮರು ಇವತ್ತು ಶಾಸಕರು, ನ್ಯಾಯಾಧೀಶರು, ಶಾಲಾ ಮೇಲ್ವಿಚಾರಕರು ಆದರು.

ಇದರ ಸುದ್ದಿ ಪುಣೆಗೂ ಮುಟ್ಟಿತ್ತು. 1873ರಲ್ಲಿ ಮಹಾತ್ಮಾ ಜೋತಿಬಾ ಫುಲೆ 'ಗುಲಾಮಗಿರಿ' ಪುಸ್ತಕ ಪ್ರಕಟಿಸಿ, ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕಾದ ಸಜ್ಜನರಿಗೆ ಅದನ್ನು ಅರ್ಪಿಸಿದರು. ನಮ್ಮ ನಾಡಿನ ಜನರೂ ಅದನ್ನು ನೋಡಿ ಕಲಿಯಲಿ ಎಂಬ ಆಸೆ ಇಟ್ಟರು. ಆದರೆ ಅದೇ 1873ರ ಏಪ್ರಿಲ್ 13ರಂದು ಲೂಯಿಸಿಯಾನದ ಕೋಲ್‌ಫ್ಯಾಕ್ಸ್ ಎಂಬ ಊರಲ್ಲಿ, ಚುನಾವಣೆಯ ಫಲಿತಾಂಶ ಕಾಯ್ದುಕೊಂಡು ಕುಂತಿದ್ದ ಕಪ್ಪುಜನರ ಮ್ಯಾಲೆ ಬಿಳಿಯರ ಪಡೆ ಬಿತ್ತು. ಹತ್ತಾರು ಜನರನ್ನು, ಶರಣಾದ ಮ್ಯಾಲೂ, ಕೊಂದರು. ಸತ್ತವರು 60ಕ್ಕಿಂತ ಕಡಿಮೆಯಿಲ್ಲ, 150 ಎಂಬ ಅಂದಾಜೂ ಇದೆ. 1876ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣದ ಶಿಕ್ಷೆಗಳನ್ನು ರದ್ದು ಮಾಡಿತು. ವ್ಯಕ್ತಿಗಳ ದಾಳಿಯಿಂದ ಜನರನ್ನು ಕಾಯುವುದು ರಾಜ್ಯಗಳ ಕೆಲಸ, ಕೇಂದ್ರದ್ದಲ್ಲ ಎಂದಿತು. ರಾಜ್ಯಗಳಲ್ಲಿ ಕುಂತವರು ಯಾರು? ಹಳೇ ಮಾಲೀಕರು.

1877ರಲ್ಲಿ ಅಧ್ಯಕ್ಷ ಚುನಾವಣೆಯ ಜಗಳ ರಾಜಿಯಾಯಿತು. ಹೊಸ ಅಧ್ಯಕ್ಷ ಹೇಯ್ಸ್ ದಕ್ಷಿಣದಲ್ಲಿ ಕಾವಲಿಗಿದ್ದ ಸೈನ್ಯವನ್ನು ಹಿಂದಕ್ಕೆ ಸರಿಸಿದ. ಆಮ್ಯಾಲೆ ಸಾಲಾಗಿ ಬಂತು: ಮತ ಹಾಕಬೇಕಾದರೆ ತೆರಿಗೆ, ಅಕ್ಷರ ಪರೀಕ್ಷೆ, ರಾತ್ರಿ ಮುಸುಕಿನ ಸವಾರರು. 1896ರಲ್ಲಿ ಸುಪ್ರೀಂ ಕೋರ್ಟ್ 'ಪ್ರತ್ಯೇಕ ಆದರೆ ಸಮಾನ' ಎಂದು ಪ್ರತ್ಯೇಕ ರೈಲು ಡಬ್ಬಿಗೆ ಮುದ್ರೆ ಒತ್ತಿತು. ಲೂಯಿಸಿಯಾನದಲ್ಲಿ 1896ರಲ್ಲಿ ಮತಪಟ್ಟಿಯಲ್ಲಿದ್ದ ಕಪ್ಪುಜನ 1,30,000ಕ್ಕೂ ಹೆಚ್ಚು. 1904ಕ್ಕೆ ಉಳಿದವರು 1,342. ತಿದ್ದುಪಡಿಗಳು ಪುಸ್ತಕದಲ್ಲಿ ಹಾಗೇ ಇದ್ದವು, ಒಂದು ಅಕ್ಷರ ಅಳಿಸಿರಲಿಲ್ಲ. ಕಾವಲು ಎದ್ದು ಹೋಗಿತ್ತು, ಅಷ್ಟೇ. ಆ ಹಕ್ಕು ಮತ್ತೆ ಕೈಗೆ ಬರಲು 1965ರ ಮತದಾನ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು.

ಯುವಕ ಭೀಮರಾವ್ ಬಡೋದೆ ಮಹಾರಾಜರ ವಿದ್ಯಾರ್ಥಿವೇತನದ ಮ್ಯಾಲೆ ನ್ಯೂಯಾರ್ಕಿಗೆ ಹೋದದ್ದು 1913ರ ಜುಲೈ ತಿಂಗಳಲ್ಲಿ. ಅದೇ ತಿಂಗಳ ಮೊದಲ ವಾರ ಗೆಟಿಸ್‌ಬರ್ಗ್ ಯುದ್ಧದ 50ನೇ ವರ್ಷದ ಸಮಾರಂಭ ನಡೆದಿತ್ತು. ಎರಡೂ ಕಡೆಯ 50,000ಕ್ಕೂ ಹೆಚ್ಚು ಮುದಿ ಸೈನಿಕರು ಸೇರಿ ಕೈ ಕುಲುಕಿದರು, ಅಣ್ಣತಮ್ಮಂದಿರ ಜಗಳ ಮುಗೀತು ಅಂದರು. ಅಧ್ಯಕ್ಷ ವಿಲ್ಸನ್ ಬಂದು ಭಾಷಣ ಮಾಡಿದರು. ಯುದ್ಧ ಯಾವ ಕಾರಣಕ್ಕೆ ನಡೆದಿತ್ತೋ ಆ ಕಪ್ಪುಜನರ ಹಕ್ಕಿನ ಮಾತು ಅಲ್ಲಿ ಬರಲಿಲ್ಲ. ಅದೇ ವರ್ಷ ವಿಲ್ಸನ್ ಸರ್ಕಾರ ಕೇಂದ್ರ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂಡಿಸಲು ಸುರು ಮಾಡಿತ್ತು. ಮಾಲೀಕರು ಮಾಲೀಕರು ರಾಜಿಯಾದ್ರ ಕೆಳಗಿದ್ದವನ ಗತಿ ಏನು ಅನ್ನೋದನ್ನು ಕಲಿಯೋದಕ್ಕ ಅದಕ್ಕಿಂತ ದೊಡ್ಡ ಶಾಲೆ ಎಲ್ಲಿತ್ತು?

ಬಾಬಾಸಾಹೇಬರ ಮುಂದಿನ ಕೆಲಸಗಳನ್ನು ಈ ಬೆಳಕಿನಲ್ಲಿ ನೋಡ್ರಿ. ಸ್ವಾತಂತ್ರ್ಯ ಬರಲಿ, ಆಮ್ಯಾಲೆ ನಿಮ್ಮದು ನೋಡೋಣ ಅಂದವರಿಗೆ ಅವರು ಮೊದಲು ಬರೆದುಕೊಡ್ರಿ ಅಂದರು. 1946ರಲ್ಲಿ ಅಮೆರಿಕಾದ ಕಪ್ಪು ಚಿಂತಕ ಡುಬೋಯಿಸ್ ಅವರಿಗೆ ಪತ್ರ ಬರೆದು, ಕಪ್ಪುಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಮನವಿಯಲ್ಲಿ ಭೂಮಿ ಸರ್ಕಾರದ್ದಾಗಿ, ಜಾತಿಭೇದ ಇಲ್ಲದೆ ಸಾಗುವಳಿಗೆ ಸಿಗಬೇಕು ಎಂದರು. ಹೊಲ ಇಲ್ಲದವನ ಸ್ವಾತಂತ್ರ್ಯ ಹೊಲ ಇದ್ದವನ ಕಣದಾಗ ಅಡ ಇರ್ತೈತಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಭಾರತವನ್ನು ರಾಜ್ಯಗಳ ಒಕ್ಕೂಟ ಎಂದು ಕರೆದದ್ದು ಯಾಕೆ ಎಂದು ವಿವರಿಸುತ್ತಾ ಇದೇ ಅಂತರ್ಯುದ್ಧವನ್ನು ನೆನೆದರು. ರಾಜ್ಯಗಳಿಗೆ ಬಿಟ್ಟುಹೋಗುವ ಹಕ್ಕಿಲ್ಲ ಎಂದು ತೀರ್ಮಾನಿಸಲು ಅಮೆರಿಕಾ ಯುದ್ಧ ಮಾಡಬೇಕಾಯಿತು, ನಾವು ಅದನ್ನು ಮೊದಲೇ ಸ್ಪಷ್ಟವಾಗಿ ಬರೆದುಬಿಡೋಣ ಎಂಬುದು ಅವರ ವಾದ.

ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. 35ನೇ ವಿಧಿ ನೋಡ್ರಿ: ಅದಕ್ಕೆ ಶಿಕ್ಷೆ ವಿಧಿಸುವ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ ಮಾತ್ರ, ರಾಜ್ಯಗಳಿಗಿಲ್ಲ. 32ನೇ ವಿಧಿ: ಹಕ್ಕು ಕಸಿದರೆ ನೇರ ಸುಪ್ರೀಂ ಕೋರ್ಟ್ ಬಾಗಿಲು. ಕೋಲ್‌ಫ್ಯಾಕ್ಸ್ ಕಥೆ ಓದಿ ಈ ಎರಡು ವಿಧಿ ಓದಿದರೆ ಬೆಲೆ ಗೊತ್ತಾಗ್ತೈತಿ.

ಈಗ ಮೊದಲಿನ ಹೋಲಿಕೆಗೆ ಬರೋಣ. ನಮ್ಮ ಸೀಮೆಯಲ್ಲಿ ಲಿಂಕನ್‌ಗೆ ಹೋಲಿಸೋ ಒಬ್ಬರು ಬೇಕಂದ್ರ ಅದು ಶಾಹೂ ಮಹಾರಾಜರು. ರಾಯಬಾಗ ಆಗ ಅವರ ಕೊಲ್ಹಾಪುರ ಸಂಸ್ಥಾನದ ಭಾಗ. 1902ರ ಜುಲೈ 26ಕ್ಕೆ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ನೂರಕ್ಕೆ 50 ಮೀಸಲು ಎಂದು ಆದೇಶ ಹೊರಡಿಸಿದ ಅರಸ. 1920ರ ಮಾರ್ಚ್ 21, 22ರಂದು ಕಾಗಲ ಜಹಗೀರಿನ ಮಾಣಗಾವದಲ್ಲಿ ಪರಿಷತ್ತು ನಡೆಯಿತು, ಅಧ್ಯಕ್ಷತೆ 28 ವರ್ಷದ ಅಂಬೇಡ್ಕರರದು. ಅಲ್ಲಿಗೆ ಬಂದ ಶಾಹೂ ಮಹಾರಾಜರು ಸೇರಿದ ಜನಕ್ಕೆ, ನಿಮ್ಮ ನಾಯಕನನ್ನು ನೀವೇ ಕಂಡುಕೊಂಡಿದ್ದೀರಿ ಎಂದು ಹೇಳಿದರು. ಒಳ್ಳೆಯ ಅರಸನ ದೊಡ್ಡತನ ಇದು. ಎರಡೇ ವರ್ಷದಲ್ಲಿ, 1922ರ ಮೇ 6ಕ್ಕೆ, ಅರಸರು ತೀರಿಕೊಂಡರು. ಜನ ಅನಾಥರಾಗಲಿಲ್ಲ, ಯಾಕಂದ್ರ ಅಷ್ಟೊತ್ತಿಗೆ ತಮ್ಮೊಳಗಿನ ನಾಯಕ ಇದ್ದ, ಸಂಘಟನೆ ಬೆಳೀತಿತ್ತು. 1925ರ ಏಪ್ರಿಲಿನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದರು, 1929ರಲ್ಲಿ ಚಿಕ್ಕೋಡಿಗೆ ಬಂದರು. ಅರಸನ ಆದೇಶ ಓದಿ ಹೇಳಲು ಬಂದಿರಲಿಲ್ಲ, ಜನರನ್ನು ಎಬ್ಬಿಸಲು ಬಂದಿದ್ದರು.

ಬಾಬಾಸಾಹೇಬರ ಜೋಡಿ ಅಮೆರಿಕಾದಲ್ಲಿ ಹುಡುಕಬೇಕಂದ್ರ ಅದು ಡಗ್ಲಸ್. ಡಗ್ಲಸ್ ಲಿಂಕನ್‌ರನ್ನು ಹೆಂಗ ನೋಡಿದರು ಗೊತ್ತೇನು? 1876ರಲ್ಲಿ ಬಿಡುಗಡೆಯಾದ ಗುಲಾಮರೇ ಚಂದಾ ಎತ್ತಿ ವಾಷಿಂಗ್ಟನ್ನಿನಲ್ಲಿ ಲಿಂಕನ್ ಸ್ಮಾರಕ ಕಟ್ಟಿಸಿದರು. ಉದ್ಘಾಟನೆಗೆ ಅಧ್ಯಕ್ಷ ಗ್ರಾಂಟ್ ಬಂದಿದ್ದರು. ಎಲ್ಲರ ಮುಂದೆ ಡಗ್ಲಸ್, ಲಿಂಕನ್ ಮೊದಲಿಗೆ ಬಿಳಿಯರ ಅಧ್ಯಕ್ಷ, ನಾವು ಅವರಿಗೆ ಮಲಮಕ್ಕಳು ಎಂದರು. ನಮ್ಮ ಕಡೆಯಿಂದ ನೋಡಿದರೆ ಅವರು ನಿಧಾನ, ತಣ್ಣಗೆ ಕಂಡರು. ಅವರ ಜನರ ಮನಸ್ಸಿನ ಕಡೆಯಿಂದ ನೋಡಿದರೆ ಅವರು ವೇಗವಾಗಿ, ಗಟ್ಟಿಯಾಗಿ ನಡೆದರು ಎಂಬ ಅರ್ಥದ ಮಾತೂ ಹೇಳಿದರು. ಗೌರವ ಪೂರ್ತಿ ಕೊಟ್ಟರು, ಆರತಿ ಎತ್ತಲಿಲ್ಲ. ಆ ಭಾಷಣದ ತಾರೀಖು ಏಪ್ರಿಲ್ 14. ಇದು ಬರೀ ಕಾಕತಾಳೀಯ, ಆದರ ನೆನಪಿಡೋಕ ಸಲೀಸು.

ಇದೆಲ್ಲ ಹಳೇ ಕಥೆ ಅಂತ ಬಿಡಬ್ಯಾಡ್ರಿ. 2018ರ ಮಾರ್ಚ್ 20ಕ್ಕೆ ಸುಪ್ರೀಂ ಕೋರ್ಟ್ ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಸಡಿಲ ಮಾಡಿತು. ಏಪ್ರಿಲ್ 2ಕ್ಕೆ ದೇಶದ ತುಂಬ ಜನ ಬೀದಿಗಿಳಿದರು, ಪ್ರಾಣವೂ ಹೋದವು. ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯನ್ನು ಮತ್ತೆ ಗಟ್ಟಿ ಮಾಡಿತು. ನಮ್ಮ ರಾಜ್ಯದ ಪಿಟಿಸಿಎಲ್ ಕಾಯಿದೆ 1978ರದು, ದಲಿತರಿಗೆ ಸರ್ಕಾರ ಕೊಟ್ಟ ಭೂಮಿ ಬೇರೆಯವರ ಪಾಲಾಗಬಾರದು ಅಂತ. ಅರ್ಜಿ ತಡ ಆಯ್ತು ಎಂಬ ಕಾರಣಕ್ಕೆ 2017ರ ನಂತರ ಪ್ರಕರಣಗಳು ಬಿದ್ದುಹೋಗತೊಡಗಿದವು. ಹೋರಾಟ ಮಾಡಿದ ಮ್ಯಾಲೆ 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಎರಡರಲ್ಲೂ ಕಾನೂನು ಪುಸ್ತಕದಲ್ಲೇ ಇತ್ತು. ಕಾವಲಿಗೆ ಜನ ನಿಂತಿದ್ದಕ್ಕೆ ಉಳಿಯಿತು.

ರಾಯಬಾಗ ಮತ್ತು ಕುಡಚಿ ಎರಡೂ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಗೆದ್ದು ಹೋದವರು ಯಾರೇ ಇರಲಿ, ಯಾವ ಪಕ್ಷವೇ ಇರಲಿ, ಡಗ್ಲಸ್ ಲಿಂಕನ್‌ಗೆ ಕೇಳಿದ ಹಾಗೆ ಬಾಗಿಲಿಗೆ ಹೋಗಿ ಕೇಳೋರು ನಮ್ಮೊಳಗೆ ಎಷ್ಟು ಜನ ಅದಾರ? ನನ್ನ ಹೊಲದ ಕಡತ ಎಲ್ಲೈತಿ, ಹಾಸ್ಟೆಲ್ ಹುಡುಗರ ಊಟದ ಹಣ ಎಲ್ಲೈತಿ, ಸ್ಮಶಾನದ ಜಾಗ ಯಾವಾಗ ಅಂತ? ಕಟೌಟ್ ನಿಲ್ಲಿಸಿ ಹಾಲು ಸುರಿಯೋದು ಸಲೀಸು, ಅರ್ಜಿ ಬರೆದು ಬೆನ್ನು ಹತ್ತೋದು ಕಷ್ಟ. ಆ ಮೂವರು ರಾತ್ರಿ ದೋಣಿ ಹತ್ತದಿದ್ದರೆ ಬಟ್ಲರ್‌ಗೆ ವಾದ ಹೊಳೆಯುತ್ತಿರಲಿಲ್ಲ, ಲಿಂಕನ್ ಕೈಗೆ ಪೆನ್ನು ಬರಲು ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ.

ಮುಂದಿನ ಜಯಂತಿಗೆ ಭಾಷಣ ಮಾಡೋ ತಮ್ಮಂದಿರಿಗೆ, ತಂಗಿಯರಿಗೆ ಒಂದೇ ವಿನಂತಿ. ಸರ್ಕಾರ ಪ್ರಕಟಿಸಿದ ಬಾಬಾಸಾಹೇಬರ ಕನ್ನಡ ಸಂಪುಟಗಳನ್ನು ಗ್ರಂಥಾಲಯದಿಂದ ತಂದು ಆ ಪುಟಗಳನ್ನು ಓದ್ರಿ. ಲಿಂಕನ್ ಹೆಸರು ಹೇಳೋದಾದ್ರ ಹೇಳ್ರಿ, ಗೌರವದಿಂದ ಹೇಳ್ರಿ, ಬೆನ್ನಿಗೇ ಡಗ್ಲಸ್ ಹೆಸರನ್ನೂ ಹೇಳ್ರಿ. ಮಕ್ಕಳಿಗೆ ಯಾರೋ ಒಬ್ಬ ದೊಡ್ಡವ ಬಂದು ಬಿಡುಗಡೆ ಕೊಟ್ಟ ಅಂತ ಕಲಿಸಿದ್ರ ಅವು ಇನ್ನೊಬ್ಬ ದೊಡ್ಡವನಿಗೆ ಕಾಯ್ತಾ ಕೂಡ್ತಾವ.

ಜೈ ಭೀಮ್. ಜೈ ಫುಲೆ. ಜೈ ಶಾಹೂ.